ಕಣ್ಣಿಗೆ ಕಾಣದ ಗುಮಾಸ್ತ

ಬಹುಕಾಲದವರೆಗೆ ನಮ್ಮ ರೈಲ್ವೆ ನಿಲ್ದಾಣಗಳಲ್ಲಿ ಬಣ್ಣದ ದೀಪಗಳು ಮಿನುಗುವ ತೂಕದ ಯಂತ್ರವೊಂದು ನಿಂತಿರುತ್ತಿದ್ದಿತು. ಅದರ ಮೇಲೆ ಹತ್ತಿ ನಿಂತು ನಾಣ್ಯವೊಂದನ್ನು ಹಾಕಿದರೆ, ಒಳಗೆ ಏನೋ ಸದ್ದಾಗಿ, ಗಟ್ಟಿ ಕಾಗದದ ಚೀಟಿಯೊಂದು ಹೊರಕ್ಕೆ ಬೀಳುತ್ತಿದ್ದಿತು. ಚೀಟಿಯ ಒಂದು ಮಗ್ಗುಲಲ್ಲಿ ನಿಂತವರ ತೂಕ. ಇನ್ನೊಂದು ಮಗ್ಗುಲಲ್ಲಿ ಅವರ ಭವಿಷ್ಯ. ಯಂತ್ರದ ಬಳಿ ನೌಕರನಿರಲಿಲ್ಲ; ಬಾಗಿಲು ಹಾಕುವ ಹೊತ್ತೆಂಬುದಿರಲಿಲ್ಲ; ಚೌಕಾಸಿಗೆ ಎಡೆಯಿರಲಿಲ್ಲ. ಆದರೆ ಮನುಷ್ಯನ ಬದಲು ಅಕ್ಕಿಯ ಮೂಟೆಯೊಂದನ್ನು ಅದರ ಮೇಲಿಟ್ಟು ನಾಣ್ಯ ಹಾಕಿದ್ದರೆ, ಆ ಮೂಟೆಗೂ ಅದು ಭವಿಷ್ಯವನ್ನು ನುಡಿಯುತ್ತಿದ್ದಿತು!

ಸ್ವಯಂಚಾಲನೆಯ ಗುಣವೂ ದೋಷವೂ ಈ ಯಂತ್ರದಲ್ಲಿ ಜೊತೆಯಾಗಿಯೇ ಇವೆ. ಗೊತ್ತುಮಾಡಿದ ಷರತ್ತು ಪೂರೈಸಿತೆಂದರೆ ಗೊತ್ತುಮಾಡಿದ ಕೆಲಸ ನಡೆದೇ ತೀರುವುದು. ಅದು ಪೂರೈಸಿದ ರೀತಿ ಸರಿಯೆ, ಅದರಲ್ಲಿ ಅರ್ಥವುಂಟೆ ಎಂಬುದು ಯಂತ್ರಕ್ಕೆ ಸೇರಿದ ವಿಚಾರವಲ್ಲ. ಇಂಥ ಯಂತ್ರಗಳು ಹೊಸವೇನೂ ಅಲ್ಲ. ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಹೀರೋ ಎಂಬ ಯಂತ್ರಜ್ಞನು, ನಾಣ್ಯದ ಭಾರಕ್ಕೆ ಸನ್ನೆಕೋಲು ಬಾಗಿ ದೇವಾಲಯದ ತೀರ್ಥವನ್ನು ಅಳೆದುಕೊಡುವ ಸಾಧನವನ್ನು ವರ್ಣಿಸಿದ್ದಾನೆ. ಅಮೆರಿಕದ ಗಣಕತಜ್ಞ ನಿಕ್ ಸಾಬೊ ಅವರು 1997ರಲ್ಲಿ, ಗಣಕಯಂತ್ರಗಳ ಮೂಲಕ ತಾವಾಗಿ ನೆರವೇರುವ ಕರಾರುಗಳನ್ನು ಕುರಿತು ಬರೆಯುವಾಗ, ನಾಣ್ಯ ಹಾಕಿದರೆ ವಸ್ತುವನ್ನು ಕೊಡುವ ಯಂತ್ರವೇ ಅವುಗಳ ಮೂಲಪುರುಷನೆಂದು ಹೇಳಿದರು.

ಅಂಥ ಕರಾರುಗಳ ಮೇಲೆ ನಿಂತಿರುವ ಒಂದು ಹೊಸ ಬಗೆಯ ಪೇಟೆ ಎನ್.ಎಫ್.ಟಿ. ಪೇಟೆ. ಗಣಕಭಾಷೆಯ ಒಂದು ಸಾಲನ್ನೂ ಬರೆಯಲಾರದ ಜನರು ಅಲ್ಲಿ ಯಂತ್ರಗಳನ್ನು ಕೆಲಸಕ್ಕೆ ಹೂಡುವುದು ಹೇಗೆ, ಹೂಡಿದ ಮೇಲೆ ಯಾವುದನ್ನು ತಮ್ಮ ಕೈಯಲ್ಲಿಯೇ ಇಟ್ಟುಕೊಳ್ಳಬೇಕು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಮಾರುವ ವಸ್ತು ಯಾವುದು?

ನನ್ನ ಹತ್ತು ರೂಪಾಯಿಯ ನೋಟನ್ನು ನಿಮಗೆ ಕೊಟ್ಟು ನಿಮ್ಮದನ್ನು ನಾನು ಪಡೆದರೆ ಇಬ್ಬರಿಗೂ ನಷ್ಟವಿಲ್ಲ. ಆದರೆ ಒಂದೇ ಅಳತೆಯ ಎರಡು ನಿವೇಶನಗಳನ್ನು ಹೀಗೆ ಅದಲುಬದಲು ಮಾಡಲು ಯಾರೂ ಒಪ್ಪುವುದಿಲ್ಲ. ಪ್ರತಿಯೊಂದಕ್ಕೂ ಅದರದೇ ಸಂಖ್ಯೆ, ಅದರದೇ ಚೆಕ್ಕುಬಂದಿ. ಹೀಗೆ ಒಂದರ ಬದಲು ಇನ್ನೊಂದು ಸಲ್ಲದ ಟೋಕನ್ನಿಗೆ ‘ನಾನ್ ಫಂಜಿಬಲ್ ಟೋಕನ್’ ಎಂದು ಹೆಸರು. ಎನ್.ಎಫ್.ಟಿ. ಎಂಬುದು ಇದರ ಹ್ರಸ್ವರೂಪ. ಸಾವಿರಾರು ಗಣಕಯಂತ್ರಗಳು ಏಕಕಾಲದಲ್ಲಿ ಇಟ್ಟುಕೊಂಡಿರುವ, ಯಾರು ಬೇಕಾದರೂ ಓದಬಹುದಾದ ಒಂದು ಬಹಿರಂಗ ಖಾತೆಪುಸ್ತಕದಲ್ಲಿ, ಇಂಥ ಸಂಖ್ಯೆಯ ಟೋಕನ್ನು ಇಂಥ ವಿಳಾಸಕ್ಕೆ ಸೇರಿದುದು ಎಂದು ನಮೂದಾಗಿರುವುದು. ಈ ಪುಸ್ತಕಕ್ಕೆ ಬ್ಲಾಕ್‌ಚೈನ್ ಎನ್ನುವರು. 2015ರಲ್ಲಿ ಆರಂಭವಾದ ಇಥೀರಿಯಂ ಇವುಗಳಲ್ಲಿ ಪ್ರಸಿದ್ಧವಾದುದು. ಅಲ್ಲಿ ಸಲ್ಲುವ ನಾಣ್ಯಕ್ಕೆ ಈಥರ್ ಎಂದು ಹೆಸರು. ಟೋಕನ್ನಿನೊಡನೆ ಒಂದು ಚಿತ್ರವೋ ಸಂಗೀತವೋ ಇರಬಹುದು. ಆದರೆ ಸಾಮಾನ್ಯವಾಗಿ ಪುಸ್ತಕದಲ್ಲಿರುವುದು ಚಿತ್ರವಲ್ಲ. ಚಿತ್ರವಿರುವ ಸ್ಥಳದ ಗುರುತು ಮಾತ್ರ.

ಈ ಟೋಕನ್ನುಗಳ ರಚನೆಗೆ ಬಹುಮಟ್ಟಿಗೆ ಆಧಾರವಾದ ಇ.ಆರ್.ಸಿ. 721 ಎಂಬ ಮಾದರಿಯನ್ನು 2018ರ ಜನವರಿಯಲ್ಲಿ ಮುಂದಿಟ್ಟರು. 2021ರ ಮಾರ್ಚಿಯಲ್ಲಿ ಕ್ರಿಸ್ಟೀಸ್ ಹರಾಜುಸಂಸ್ಥೆಯು ಬೀಪಲ್ ಎಂಬ ಕಲಾವಿದರ ಕೃತಿಯೊಂದನ್ನು ಎನ್.ಎಫ್.ಟಿ. ರೂಪದಲ್ಲಿ ಹರಾಜು ಹಾಕಿದಾಗ, ಸಿಂಗಪುರದಲ್ಲಿ ನೆಲೆಸಿದ್ದ ಭಾರತ ಮೂಲದ ವಿಘ್ನೇಶ್ ಸುಂದರೇಶನ್ ಅವರು ಸುಮಾರು 6 ಕೋಟಿ 93 ಲಕ್ಷ ಡಾಲರು ಕೊಟ್ಟು ಅದನ್ನು ಕೊಂಡರು. ಆ ಸುದ್ದಿಯಿಂದ ಪೇಟೆಗೆ ನೆರೆ ಬಂದಂತಾಯಿತು. 2022ರಲ್ಲಿ ನೆರೆ ಇಳಿಯಿತು. ಬೆಲೆಗಳು ಕುಸಿದುವು; ಗೇಮ್‌ಸ್ಟಾಪ್ ಸಂಸ್ಥೆಯ ಎನ್.ಎಫ್.ಟಿ. ಅಂಗಡಿ 2024ರ ಫೆಬ್ರವರಿಯಲ್ಲಿಯೂ, ಎಕ್ಸ್2ವೈ2 ಎಂಬ ಪೇಟೆ 2025ರ ಏಪ್ರಿಲಿನಲ್ಲಿಯೂ ಮುಚ್ಚಿದುವು. ಆದರೆ ಆ ಎರಡು ವರ್ಷಗಳ ಅಬ್ಬರದಲ್ಲಿ ಜನರು ಕಲಿತ ಪಾಠ ಈ ಪೇಟೆಗೆ ಮಾತ್ರ ಸೇರಿದುದಲ್ಲ.

ರುಜುವಿನ ಮಹಿಮೆ

ಈ ಪೇಟೆಯಲ್ಲಿ ಮಾರಾಟ ನಡೆಯುವ ಬಗೆಯನ್ನು ಮೊದಲು ತಿಳಿದುಕೊಳ್ಳಬೇಕು. ಪ್ರತಿಯೊಬ್ಬ ಖಾತೆದಾರನಿಗೂ ಒಂದು ಗುಪ್ತ ಕೀಲಿಯುಂಟು. ಅದು ಬಹು ದೊಡ್ಡದೊಂದು ಸಂಖ್ಯೆ. ಮನುಷ್ಯರ ಅನುಕೂಲಕ್ಕಾಗಿ ಅದನ್ನು 12 ಅಥವಾ 24 ಪದಗಳ ಸಾಲಾಗಿ ಬರೆದಿಟ್ಟುಕೊಳ್ಳುವರು. ಕೀಲಿಯನ್ನು ಕಾಪಾಡುವ ತಂತ್ರಾಂಶಕ್ಕೆ ವಾಲೆಟ್ ಎನ್ನುವರು. ಈ ಕೀಲಿಯಿಂದ ಹಾಕಿದ ರುಜುವೇ ಪ್ರಮಾಣ. ರುಜು ಸರಿಯಾಗಿದ್ದರೆ ಸಾಕು, ಹಾಕಿದವನು ಯಾರು, ಯಾವ ಮನಸ್ಸಿನಿಂದ ಹಾಕಿದನು ಎಂದು ವಿಚಾರಿಸುವ ಅಧಿಕಾರಿ ಅಲ್ಲಿ ಇಲ್ಲ.

ಟೋಕನ್ನನ್ನು ಮಾರಬಯಸುವವನು ಎರಡು ಕೆಲಸ ಮಾಡುವನು. ಮೊದಲನೆಯದಾಗಿ, ಈ ಮಾಲೆಯ ನನ್ನ ಟೋಕನ್ನುಗಳನ್ನು ನನ್ನ ಪರವಾಗಿ ವರ್ಗಾಯಿಸಬಹುದು ಎಂದು ಪೇಟೆಯ ಕರಾರಿಗೆ ಅನುಮತಿ ಕೊಡುವನು. ಇದು ನಮ್ಮಲ್ಲಿ ಬರೆದುಕೊಡುವ ಮುಖ್ತ್ಯಾರ್ ಪತ್ರದಂತೆ; ಹಿಂತೆಗೆದುಕೊಳ್ಳುವವರೆಗೂ ಅದು ಊರ್ಜಿತವಾಗಿಯೇ ಇರುವುದು. ಎರಡನೆಯದಾಗಿ, ಇಷ್ಟು ಈಥರ್ ಕೊಟ್ಟವರಿಗೆ ಇಂಥ ಟೋಕನ್ನನ್ನು ಇಂಥ ದಿನದವರೆಗೆ ಕೊಡಲು ಒಪ್ಪಿದ್ದೇನೆ ಎಂಬ ಚೀಟಿಗೆ ರುಜು ಹಾಕುವನು. ಈ ಚೀಟಿ ಪೇಟೆಯ ದಫ್ತರದಲ್ಲಿ ಇರುವುದೇ ಹೊರತು ಬಹಿರಂಗ ಪುಸ್ತಕಕ್ಕೆ ಏರುವುದಿಲ್ಲ. ಆದುದರಿಂದ ಅದಕ್ಕೆ ಶುಲ್ಕವೂ ಇಲ್ಲ. ಮುಂದೆ ಯಾರಾದರೂ ಹಣ ಸಲ್ಲಿಸಿದ ಕ್ಷಣವೇ ಕರಾರು ಎರಡನ್ನೂ ತಾಳೆ ನೋಡಿ ಟೋಕನ್ನನ್ನು ಅತ್ತ, ಹಣವನ್ನು ಇತ್ತ ಕಳುಹಿಸಿಬಿಡುವುದು. ಮಾರಿದವನು ಆಗ ನಿದ್ರಿಸುತ್ತಿರಬಹುದು. ಹೀಗಾಗಿ, ಮಾರಾಟಕ್ಕೆ ಇಟ್ಟ ಪ್ರತಿಯೊಂದು ಟೋಕನ್ನೂ ಆಗಲೇ ಒಂದು ಸ್ವಯಂಚಾಲಿತ ಯಂತ್ರವೆಂಬುದನ್ನು ವಾಚಕರು ಗಮನಿಸಬೇಕು.

ಬರೆಯದೆ ಬರೆಯುವುದು

ಇನ್ನು ಕ್ರಮವಿಧಿಯನ್ನು ಬರೆಯದೆ ಯಂತ್ರವನ್ನು ದುಡಿಸುವ ವಿಚಾರ. 1804ರ ಸುಮಾರಿನಲ್ಲಿ ಫ್ರಾನ್ಸಿನ ಜಕಾರ್ಡನು ರೂಪಿಸಿದ ಮಗ್ಗದ ಸಾಧನವನ್ನು ನಮ್ಮ ನಾಡಿನ ರೇಷ್ಮೆ ನೇಕಾರರೂ ಬಲ್ಲರು. ತೂತು ಕೊರೆದ ಅಟ್ಟೆಗಳ ಸಾಲು ಮಗ್ಗದ ನೆತ್ತಿಯ ಮೇಲೆ ಒಂದೊಂದಾಗಿ ಸರಿಯುವುದು. ತೂತಿದ್ದ ಕಡೆ ನೂಲು ಏಳುವುದು, ಇಲ್ಲದ ಕಡೆ ತಗ್ಗುವುದು. ಸೆರಗಿನ ಮೇಲೆ ಹೂವು ಮೂಡುವುದು. ನೇಕಾರನು ಯಾವ ಗಣಕಭಾಷೆಯನ್ನೂ ಕಲಿತವನಲ್ಲ. ಆದರೂ ಅಟ್ಟೆಯ ತೂತುಗಳು ಆಜ್ಞೆಗಳೇ. ಒಂದು ತೂತು ತಪ್ಪಿದರೆ ಪ್ರತಿಯೊಂದು ಹೂವಿನಲ್ಲಿಯೂ ಅದೇ ತಪ್ಪು ಬೀಳುವುದು.

ಇಂದಿನ ‘ನೋ ಕೋಡ್’ ಸಾಧನಗಳೂ ಹೀಗೆಯೇ. 2010ರ ಕೊನೆಯಲ್ಲಿ ತಲೆದೋರಿದ ಐ.ಎಫ್.ಟಿ.ಟಿ.ಟಿ. ಎಂಬುದರ ಹೆಸರಿನ ಅರ್ಥವೇ ‘ಇದಾದರೆ ಅದು’ ಎಂದು. 2011ರಲ್ಲಿ ಹುಟ್ಟಿದ ಜ್ಯಾಪಿಯರ್ ಇನ್ನೊಂದು. ಇವುಗಳಲ್ಲಿ ಪರದೆಯ ಮೇಲಿನ ಚೌಕಗಳನ್ನು ಒಂದಕ್ಕೊಂದು ಜೋಡಿಸಿದರೆ ಸಾಕು. ಪ್ರತಿಯೊಂದು ಜೋಡಣೆಗೂ ಮೂರು ಅಂಗಗಳುಂಟು: ಏನು ನಡೆದಾಗ ಕೆಲಸ ಆರಂಭವಾಗಬೇಕು ಎಂಬ ನಿಮಿತ್ತ, ಯಾವ ಸಂದರ್ಭದಲ್ಲಿ ಮಾತ್ರ ಮುಂದುವರಿಯಬೇಕು ಎಂಬ ಜರಡಿ, ಕೊನೆಗೆ ಮಾಡತಕ್ಕ ಕಾರ್ಯ. ಪೇಟೆಗಳು ತಮ್ಮ ದಫ್ತರವನ್ನು ಅನ್ಯ ಯಂತ್ರಗಳು ಓದಲೆಂದು ಎ.ಪಿ.ಐ. ಎಂಬ ಕಿಟಕಿಯನ್ನು ತೆರೆದಿಡುವುವು. ಸಾಧನವು ಕೆಲವು ನಿಮಿಷಗಳಿಗೊಮ್ಮೆ ಆ ಕಿಟಕಿಗೆ ಹೋಗಿ ‘ಹೊಸದೇನಾದರೂ ಉಂಟೆ?’ ಎಂದು ಕೇಳಿಬರಬಹುದು. ಇಲ್ಲವೆ, ಸುದ್ದಿಯಿದ್ದಾಗ ಪೇಟೆಯೇ ಬಂದು ಸಾಧನದ ಬಾಗಿಲು ತಟ್ಟುವಂತೆ ಏರ್ಪಾಡು ಮಾಡಬಹುದು.

ನಮ್ಮ ದೇಶದ ಕಲಾವಿದೆಯೊಬ್ಬಳು ನೂರು ಚಿತ್ರಗಳನ್ನು ಮಾರಾಟಕ್ಕಿಟ್ಟಿರುವಳೆಂದು ಭಾವಿಸೋಣ. ನಿಮಿತ್ತ: ತನ್ನ ಮಾಲೆಯಲ್ಲಿ ಒಂದು ಮಾರಾಟವಾಯಿತು. ಜರಡಿ: ಮಾರಿದವಳು ತಾನೇ ಹೌದೆ? ಕಾರ್ಯ: ಲೆಕ್ಕದ ಹಾಳೆಯಲ್ಲಿ ಹೊಸದೊಂದು ಸಾಲನ್ನು ತೆರೆದು, ದಿನಾಂಕ, ಟೋಕನ್ ಸಂಖ್ಯೆ, ಬಂದ ಈಥರ್, ಆ ಹೊತ್ತಿಗೆ ರೂಪಾಯಿಯಲ್ಲಿ ಅದರ ಬೆಲೆ, ಇಷ್ಟನ್ನು ಬರೆ, ಅನಂತರ ಅವಳ ಫೋನಿಗೆ ಒಂದು ಸಂದೇಶ ಕಳುಹಿಸು. ಇದೇ ರೀತಿ, ವಾಯಿದೆ ಮುಗಿಯಲಿರುವ ಚೀಟಿಗಳ ಪಟ್ಟಿಯನ್ನು ವಾರಕ್ಕೊಮ್ಮೆ ತಯಾರಿಸಿ ಕೊಡೆಂದೂ ಹೇಳಬಹುದು. ಹಗಲಿರುಳು ಎಚ್ಚರವಿರುವ, ಕಣ್ಣಿಗೆ ಕಾಣದ ಗುಮಾಸ್ತನೊಬ್ಬನು ಅವಳಿಗೆ ದೊರೆತಂತಾಯಿತು.

ರೂಪಾಯಿಯ ಲೆಕ್ಕ ಆ ಕ್ಷಣಕ್ಕೇ ಏಕೆ ಬೇಕೆಂದರೆ, ಈಥರಿನ ಬೆಲೆ ದಿನದಿನಕ್ಕೆ ಏರಿಳಿಯುವುದು. ತೆರಿಗೆಯನ್ನಾದರೋ ರೂಪಾಯಿಯಲ್ಲಿಯೇ ಕೊಡಬೇಕು. 2022ರ ಏಪ್ರಿಲ್ 1ರಿಂದ ಭಾರತದಲ್ಲಿ ಜಾರಿಗೆ ಬಂದ ನಿಯಮದಂತೆ ಇಂಥ ಆಸ್ತಿಗಳ ಮಾರಾಟದಿಂದ ಬಂದ ಲಾಭಕ್ಕೆ ಶೇಕಡ 30ರಷ್ಟು ತೆರಿಗೆಯುಂಟು. ಒಂದರಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಕೊಳ್ಳುವ ಮಾರುವ ಕೆಲಸವನ್ನೇ ಯಂತ್ರಕ್ಕೆ ಒಪ್ಪಿಸುವವರು ಇದನ್ನು ಚೆನ್ನಾಗಿ ಮನಗಾಣಬೇಕು. ಯಂತ್ರವು ಒಂದು ವರ್ಷದಲ್ಲಿ ನೂರು ವ್ಯಾಪಾರ ನಡೆಸಿ, ಐವತ್ತರಲ್ಲಿ ಸಾವಿರ ಸಾವಿರ ರೂಪಾಯಿ ಗಳಿಸಿ, ಉಳಿದ ಐವತ್ತರಲ್ಲಿ ಅಷ್ಟಷ್ಟೇ ಕಳೆದುಕೊಂಡಿತೆನ್ನೋಣ. ಗಂಟಿಗೆ ಸೇರಿದುದು ಸೊನ್ನೆ. ಆದರೆ ಗಳಿಕೆಯ 50,000 ರೂಪಾಯಿಗೆ 15,000 ರೂಪಾಯಿ ತೆರಿಗೆ ತೆರಬೇಕಾಗುವುದು! ಯಂತ್ರವು ತನಗೆ ಹೇಳಿದುದನ್ನು ಚಾಚೂತಪ್ಪದೆ ಮಾಡಿರುವುದು. ಒಡೆಯನು ಹೇಳಲು ಮರೆತುದೇ ಅನರ್ಥಕ್ಕೆ ಕಾರಣ.

ಗುಮಾಸ್ತನಿಗೆ ಇನ್ನೊಂದು ದೋಷವುಂಟು. ಜಾಲದ ತೊಡಕಿನಿಂದ ಒಂದೇ ಸುದ್ದಿ ಎರಡು ಬಾರಿ ಬಂದು ಬಾಗಿಲು ತಟ್ಟಬಹುದು. ಹಾಳೆಯಲ್ಲಿ ಒಂದು ಸಾಲು ಎರಡಾದರೆ ಅಳಿಸಿಬಿಡಬಹುದು. ಹಣ ಎರಡು ಬಾರಿ ಹೋದರೆ ಹಿಂದಕ್ಕೆ ಬಾರದು. ಆದುದರಿಂದ ಪ್ರತಿಯೊಂದು ವ್ಯವಹಾರಕ್ಕೂ ಬ್ಲಾಕ್‌ಚೈನ್ ಕೊಡುವ ಗುರುತುಸಂಖ್ಯೆಯನ್ನು ಹಾಳೆಯಲ್ಲಿ ಬರೆದಿಟ್ಟು, ಆ ಸಂಖ್ಯೆ ಆಗಲೇ ಇದ್ದರೆ ಸುಮ್ಮನಿರು ಎಂಬ ಜರಡಿಯನ್ನು ಮೊದಲೇ ಹಾಕಬೇಕು.

ಒಂದು ಚುಕ್ಕಿಯ ಬೆಲೆ

ಹೇಳಿದುದಕ್ಕೂ ಮನಸ್ಸಿನಲ್ಲಿ ಇದ್ದುದಕ್ಕೂ ನಡುವಿನ ಅಂತರ ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ 2021ರ ಡಿಸೆಂಬರಿನ ಘಟನೆಯೊಂದು ಸಾಕ್ಷಿ. ‘ಬೋರ್ಡ್ ಏಪ್ ಯಾಟ್ ಕ್ಲಬ್’ ಎಂಬುದು ಬೇಸರಗೊಂಡ ಮುಖದ ವಾನರರ 10,000 ಚಿತ್ರಗಳ ಒಂದು ಮಾಲೆ. ಆಗ ಬಹಳ ಬೆಲೆಬಾಳುತ್ತಿದ್ದಿತು. ಅದರ ಒಂದು ಚಿತ್ರದ ಒಡೆಯನು ಅದನ್ನು 75 ಈಥರಿಗೆ, ಎಂದರೆ ಸುಮಾರು ಮೂರು ಲಕ್ಷ ಡಾಲರಿಗೆ, ಮಾರಬೇಕೆಂದಿದ್ದನು. ಬೆರಳು ತಪ್ಪಿ ಚೀಟಿಯಲ್ಲಿ 0.75 ಎಂದು ಬಿದ್ದಿತು. ಗುಂಡಿಯನ್ನು ಒತ್ತಿದ ಕ್ಷಣದಲ್ಲಿಯೇ ಅವನಿಗೆ ತಪ್ಪು ಕಂಡಿತು. ಆದರೆ ರದ್ದುಮಾಡುವಷ್ಟರಲ್ಲಿ ಮಾಲು ಕೈಬಿಟ್ಟು ಹೋಗಿದ್ದಿತು. ಇಂಥ ತಪ್ಪುಗಳಿಗಾಗಿಯೇ ಹೊಂಚುಹಾಕುತ್ತಿದ್ದ ಸ್ವಯಂಚಾಲಿತ ಖಾತೆಯೊಂದು ಅದನ್ನು ಸುಮಾರು ಮೂರು ಸಾವಿರ ಡಾಲರಿಗೆ ಕೊಂಡುಬಿಟ್ಟಿತು. ಬಹಿರಂಗ ಪುಸ್ತಕದಲ್ಲಿ ಹೆಚ್ಚು ಶುಲ್ಕ ಕೊಟ್ಟವರ ನಮೂದು ಮೊದಲು ಏರುವುದಷ್ಟೆ. ತನಗಿಂತ ಮುಂಚೆ ಬೇರಾರೂ ಕೈ ಚಾಚದಿರಲೆಂದು ಆ ಯಂತ್ರವು ಬೆಲೆಯ ಹತ್ತುಪಟ್ಟಿಗೂ ಮೀರಿ, 8 ಈಥರನ್ನು, ಶುಲ್ಕವಾಗಿ ತೆತ್ತಿತು!

ನಮ್ಮ ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಿತಪ್ಪಿ ನೂರರಲ್ಲೊಂದು ಪಾಲು ಹೇಳಿದರೆ ಎದುರಿನವನು ನಗುವನು, ಇಲ್ಲವೆ ‘ಇನ್ನೊಮ್ಮೆ ಹೇಳಿ’ ಎನ್ನುವನು. ಆ ಒಂದು ನಗೆಯೇ ಮಾನವ ವ್ಯವಹಾರಗಳ ಕಾವಲುಗಾರ. ಯಂತ್ರಗಳ ಸಂತೆಯಲ್ಲಿ ನಗುವವರಿಲ್ಲ. ಆದುದರಿಂದ ಆ ನಗೆಯ ಕೆಲಸವನ್ನು ನಾವೇ ಒಂದು ಜರಡಿಯಾಗಿ ಹಾಕಬೇಕಾಗುವುದು: ಮಾಲೆಯಲ್ಲಿ ಆಗ ನಡೆಯುತ್ತಿರುವ ಅತಿ ಕಡಿಮೆ ಬೆಲೆಯ ಅರ್ಧಕ್ಕಿಂತಲೂ ಚೀಟಿಯ ಬೆಲೆ ಕಡಿಮೆಯಿದ್ದರೆ ನಿಲ್ಲು, ನನ್ನನ್ನು ಕೇಳು.

ಮರೆತುಹೋದ ಚೀಟಿ

ಚುಕ್ಕಿಯ ತಪ್ಪು ಕ್ಷಣದ್ದು. ಇನ್ನೊಂದು ತಪ್ಪು ತಿಂಗಳುಗಟ್ಟಲೆ ಮಲಗಿದ್ದು ಏಳುವಂಥದು. ಮಾರಾಟದ ಚೀಟಿಗೆ ಶುಲ್ಕವಿಲ್ಲವೆಂದು ಮೇಲೆ ಹೇಳಿದೆವು. ಅದನ್ನು ರದ್ದುಮಾಡಬೇಕಾದರೆ ಆ ಸಂಗತಿಯನ್ನು ಬಹಿರಂಗ ಪುಸ್ತಕದಲ್ಲಿ ಬರೆಯಿಸಬೇಕಾಗಿದ್ದಿತು; ಅದಕ್ಕೆ ಶುಲ್ಕವುಂಟು. ಆಗಿನ ಪೇಟೆಗಳಲ್ಲಿ ಬಹು ದೊಡ್ಡದಾಗಿದ್ದ ಓಪನ್‌ಸೀ ಎಂಬಲ್ಲಿ, ಕೆಲವರು ಈ ಶುಲ್ಕವನ್ನು ಉಳಿಸಲು ಟೋಕನ್ನನ್ನು ತಮ್ಮದೇ ಇನ್ನೊಂದು ವಾಲೆಟ್ಟಿಗೆ ಕಳುಹಿಸಿಬಿಡುತ್ತಿದ್ದರು. ಟೋಕನ್ನು ಅಲ್ಲಿಲ್ಲವಾದುದರಿಂದ ಚೀಟಿ ಪರದೆಯಿಂದ ಮರೆಯಾಗುತ್ತಿದ್ದಿತು. ಮರೆಯಾದುದು ಸತ್ತುಹೋಯಿತೆಂದು ಅವರು ತಿಳಿದರು. ರುಜು ಮಾತ್ರ ಜೀವಂತವಾಗಿಯೇ ಇದ್ದಿತು. ತಿಂಗಳುಗಳ ಮೇಲೆ, ಬೆಲೆ ಬಹುಪಟ್ಟು ಏರಿದ ಬಳಿಕ, ಟೋಕನ್ನು ಹಳೆಯ ವಾಲೆಟ್ಟಿಗೆ ಮರಳಿದೊಡನೆ ಹಳೆಯ ಬೆಲೆಯ ಚೀಟಿಯೂ ಎದ್ದು ಕುಳಿತಿತು.

2022ರ ಜನವರಿ 24ರಂದು ಹೀಗೆ ಎದ್ದ ಚೀಟಿಯೊಂದರ ಬಲದಿಂದ ವಾನರಮಾಲೆಯ ಇನ್ನೊಂದು ಚಿತ್ರ 0.77 ಈಥರಿಗೆ ಕೈಬದಲಾಯಿಸಿತು; ಕೊಂಡವನು ಬಹುಬೇಗನೆ ಅದನ್ನು 84.2 ಈಥರಿಗೆ ಮಾರಿದನು. ಇಲ್ಲಿ ಯಾರೂ ಬೀಗ ಮುರಿಯಲಿಲ್ಲ. ಕರಾರು ತನ್ನ ಕರ್ತವ್ಯವನ್ನೇ ಮಾಡಿತು. ಅನಂತರ ಓಪನ್‌ಸೀ ಸಂಸ್ಥೆಯು ನಷ್ಟಹೊಂದಿದವರಿಗೆ ಪರಿಹಾರ ಕೊಟ್ಟು, ಮರೆಯಾದ ಚೀಟಿಗಳನ್ನು ಕಾಣುವ ಅನುಕೂಲವನ್ನು ಕಲ್ಪಿಸಿ, ಚೀಟಿಯ ವಾಡಿಕೆಯ ವಾಯಿದೆಯನ್ನು ಆರು ತಿಂಗಳಿಂದ ಒಂದು ತಿಂಗಳಿಗೆ ಇಳಿಸಿತು.

ಆ ವರ್ಷದ ಫೆಬ್ರವರಿಯಲ್ಲಿ 17 ಮಂದಿ ಇದಕ್ಕಿಂತಲೂ ಕೆಟ್ಟ ರೀತಿಯಲ್ಲಿ ಮೋಸಹೋದರು. ವಂಚಕನು ಅರ್ಧ ಮಾತ್ರ ತುಂಬಿದ ಚೀಟಿಗಳಿಗೆ ಅವರಿಂದ ರುಜು ಹಾಕಿಸಿಕೊಂಡು, ಉಳಿದ ಜಾಗವನ್ನು ತನಗೆ ಬೇಕಾದಂತೆ ತುಂಬಿ, ಟೋಕನ್ನುಗಳನ್ನು ಎತ್ತಿಕೊಂಡನು. ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡವರ ಕತೆ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಕಾಗದ ಮಾತ್ರ ಬದಲಾಗಿದೆ.

ಶ್ರಮ ಇಳಿದಾಗ

ಕೆಲಸವು ಹಗುರವಾದರೆ ಒಳ್ಳೆಯ ಕೆಲಸದಂತೆ ಕೆಟ್ಟುದೂ ಹಗುರವಾಗುವುದು. ಓಪನ್‌ಸೀ ಪೇಟೆಯಲ್ಲಿ ಯಾರು ಬೇಕಾದರೂ ಶುಲ್ಕವಿಲ್ಲದೆ ಟೋಕನ್ನುಗಳನ್ನು ಸೃಷ್ಟಿಸಲು ಒಂದು ಸಾಧನವಿದ್ದಿತು. ಆ ಸಾಧನದಿಂದ ಹುಟ್ಟಿದವುಗಳಲ್ಲಿ ಶೇಕಡ 80ಕ್ಕೂ ಹೆಚ್ಚು, ಕದ್ದ ಕೃತಿಗಳು, ನಕಲಿ ಮಾಲೆಗಳು ಹಾಗೂ ಕಸವೆಂದು ಸಂಸ್ಥೆಯೇ 2022ರ ಜನವರಿಯಲ್ಲಿ ತಿಳಿಸಿತು. ಬೇರೊಬ್ಬರು ವರ್ಷಗಟ್ಟಲೆ ಶ್ರಮಿಸಿ ಬರೆದ ಚಿತ್ರವನ್ನು ತನ್ನದೆಂದು ಅಂಗಡಿಗೇರಿಸಲು ಕೆಲವು ಕ್ಷಣಗಳು ಸಾಕಾಗಿದ್ದುವು.

ಪೇಟೆಯ ಸುಳಿವುಗಳನ್ನು ನಂಬಿ ಕೊಳ್ಳುವ ಯಂತ್ರಕ್ಕೂ ಅಪಾಯವುಂಟು. ಒಂದು ಮಾಲೆಯಲ್ಲಿ ಮಾರಾಟಗಳ ಸಂಖ್ಯೆ ಏರಿದರೆ ಕೊಳ್ಳು ಎಂಬ ಆಜ್ಞೆ ಜಾಣತನದ್ದೆಂದು ತೋರುವುದು. ಆದರೆ ಒಬ್ಬನೇ ತನ್ನ ಎರಡು ವಾಲೆಟ್ಟುಗಳ ನಡುವೆ ಮತ್ತೆ ಮತ್ತೆ ಮಾರಿಕೊಂಡರೂ ಸಂಖ್ಯೆ ಏರುವುದು. ತಾವೇ ಹಣ ತುಂಬಿದ ವಿಳಾಸಗಳಿಗೆ 25ಕ್ಕೂ ಹೆಚ್ಚು ಬಾರಿ ಮಾರಿಕೊಂಡ 262 ಮಂದಿಯನ್ನು ಚೈನಾಲಿಸಿಸ್ ಸಂಸ್ಥೆಯು 2021ರ ವ್ಯವಹಾರಗಳಲ್ಲಿ ಪತ್ತೆಮಾಡಿತು. ಅವರಲ್ಲಿ 110 ಮಂದಿ ಒಟ್ಟಿಗೆ ಸುಮಾರು 89 ಲಕ್ಷ ಡಾಲರು ಲಾಭ ಗಳಿಸಿದ್ದರು. ತೂಕದ ಯಂತ್ರದ ಮೇಲೆ ಮೂಟೆಯನ್ನಿಡುವವರು ಎಲ್ಲೆಲ್ಲಿಯೂ ಇರುವರು.

ಬೀಗದ ಕೈ ಯಾರಲ್ಲಿರಬೇಕು?

ಹಾಗಾದರೆ ಈ ಗುಮಾಸ್ತನನ್ನು ಬಿಟ್ಟುಬಿಡಬೇಕೆ? ಹಾಗೇನೂ ಇಲ್ಲ. ಅವನಿಗೆ ಒಪ್ಪಿಸಬಹುದಾದ ಕೆಲಸಗಳು ಮೂರು ದರ್ಜೆಯವು. ಮೊದಲನೆಯದು ನೋಡುತ್ತಿರುವುದು: ಬೆಲೆ, ಮಾರಾಟ, ವಾಯಿದೆ. ಎರಡನೆಯದು ಬರೆದಿಡುವುದು: ಲೆಕ್ಕ, ಪಟ್ಟಿ, ಸಂದೇಶ. ಮೂರನೆಯದು ಕೊಡುವುದು ಕೊಳ್ಳುವುದು, ಎಂದರೆ ರುಜು ಹಾಕುವುದು. ಮೊದಲ ಎರಡಕ್ಕೆ ಗುಪ್ತ ಕೀಲಿಯ ಅಗತ್ಯವೇ ಇಲ್ಲ. ಬಹಿರಂಗ ಪುಸ್ತಕವನ್ನು ಓದಲು ಯಾರ ಅಪ್ಪಣೆಯೂ ಬೇಕಿಲ್ಲವಷ್ಟೆ. ಆದುದರಿಂದ ಬೆಲೆ ನೋಡಿ ಹೇಳುವೆನೆಂದು ಬಂದ ಸಾಧನವು ನಿಮ್ಮ ಹನ್ನೆರಡು ಪದಗಳನ್ನು ಕೇಳಿದರೆ, ಅದು ಗುಮಾಸ್ತನಲ್ಲ, ಕಳ್ಳನೆಂದು ತಿಳಿಯತಕ್ಕುದು. ಸಾಮಾನ್ಯ ಕಲಾವಿದನ ದಿನದ ಬೇಸರದ ದುಡಿಮೆಯೆಲ್ಲ ಈ ಎರಡು ದರ್ಜೆಗಳಲ್ಲಿಯೇ ಮುಗಿಯುವುದು.

ಮೂರನೆಯ ದರ್ಜೆಯನ್ನೂ ಒಪ್ಪಿಸಲೇಬೇಕೆಂದಿದ್ದರೆ ಮನೆಯ ರೀತಿಯನ್ನು ನೆನೆಯಬೇಕು. ಸಂತೆಗೆ ಕಳುಹಿಸುವ ಆಳಿನ ಕೈಗೆ ಆ ದಿನದ ಖರ್ಚಿಗಾಗುವಷ್ಟು ಹಣವನ್ನು ಕೊಡುವೆವೇ ಹೊರತು ಬೀರುವಿನ ಬೀಗದ ಕೈಯನ್ನು ಕೊಡುವುದಿಲ್ಲ. ಹಾಗೆಯೇ ಯಂತ್ರಕ್ಕೆ ಬೇರೆಯದೇ ಒಂದು ವಾಲೆಟ್ಟನ್ನು ತೆರೆದು, ಕಳೆದುಹೋದರೂ ಸಹಿಸಬಹುದಾದಷ್ಟನ್ನು ಮಾತ್ರ ಅದರಲ್ಲಿ ಇಡಬೇಕು. ದಿನಕ್ಕೆ ಇಷ್ಟೇ ವ್ಯಾಪಾರ, ಒಂದಕ್ಕೆ ಇಷ್ಟೇ ಹಣ ಎಂಬ ಮಿತಿಯಿರಬೇಕು. ಪ್ರತಿಯೊಂದು ಚೀಟಿಗೂ ಹತ್ತಿರದ ವಾಯಿದೆಯಿರಬೇಕು. ಹಿಂದೆ ಕೊಟ್ಟ ಮುಖ್ತ್ಯಾರ್ ಪತ್ರಗಳನ್ನು ಆಗಾಗ್ಗೆ ಪರಿಶೀಲಿಸಿ, ಬೇಡವಾದುದನ್ನು ಶುಲ್ಕ ತೆತ್ತಾದರೂ ಹಿಂತೆಗೆದುಕೊಳ್ಳಬೇಕು.

ಗಣಕಭಾಷೆಯ ಕಷ್ಟವನ್ನು ಈ ಸಾಧನಗಳು ನಿಜವಾಗಿಯೂ ನೀಗಿವೆ. ಆದರೆ ಮನಸ್ಸಿನಲ್ಲಿರುವುದನ್ನು ಒಂದು ಸಂದೇಹಕ್ಕೂ ಎಡೆಯಿಲ್ಲದಂತೆ ಹೇಳುವ ಕಷ್ಟ ಭಾಷೆಯದಲ್ಲ, ವಿಚಾರದ್ದು. ಅದನ್ನು ಯಾವ ಸಾಧನವೂ ನೀಗಲಾರದು. ತನ್ನ ಮೇಲೆ ನಿಂತಿರುವುದು ಮನುಷ್ಯನೋ ಮೂಟೆಯೋ ಎಂಬುದನ್ನು ಯಂತ್ರವು ನೋಡುವುದಿಲ್ಲ. ಅದನ್ನು ನೋಡುವ ಕೆಲಸ ನಾಣ್ಯ ಹಾಕುವವನದು.